ಆಪ್ತಸಮಾಲೋಚಕರ ತರಬೇತಿ: ದೈವಶಾಸ್ತ್ರ, ಮನಃಶಾಸ್ತ್ರ ಎರಡನ್ನೂ ಒಟ್ಟಿಗೆ ಕಲಿಸುವುದು ಹೇಗೆ?

ಕೇಳಿದವರು, ಶಿವಮೊಗ್ಗ

ಜೂನ್‌ನಿಂದ ಶಿವಮೊಗ್ಗದಲ್ಲಿ ಹತ್ತು ತಿಂಗಳ ಆಪ್ತಸಮಾಲೋಚನೆ ತರಬೇತಿ ಶುರು ಮಾಡುವವರಿದ್ದೇವೆ. ತಿಂಗಳಿಗೆ ಎರಡು ಶನಿವಾರ, ಒಟ್ಟು 20 ದಿನ. 12 ಜನರಿದ್ದಾರೆ: ಎಂ.ಎಸ್ಸಿ. ಮನಃಶಾಸ್ತ್ರ ಮುಗಿಸಿದವರು ಐವರು, ಸಿಸ್ಟರ್‌ಗಳು (ಕ್ರೈಸ್ತ ಸನ್ಯಾಸಿನಿಯರು) ಮೂವರು, ಒಬ್ಬರು ಪಾಸ್ಟರ್, ಉಳಿದ ಮೂವರು ಶಾಲಾ ಕೌನ್ಸೆಲರ್‌ಗಳು. ಬೆಳಗ್ಗೆ ಕ್ರೈಸ್ತ ದೈವಶಾಸ್ತ್ರ, ಊಟದ ನಂತರ ಮನಃಶಾಸ್ತ್ರ ಅಂತ ವೇಳಾಪಟ್ಟಿ ಹಾಕಿದ್ದೇವೆ. ಹೀಗೆ ಮಾಡಿದರೆ ಎರಡೂ ಕೂಡುತ್ತವೆಯೇ ಅನ್ನುವುದೇ ಅನುಮಾನ. ಇಂಥ ತರಬೇತಿ ನಡೆಸಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ತರಬೇತುದಾರರು, ಸಾಗರ

ಕೂಡುವುದಿಲ್ಲ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಅಂದರೆ ಕಲಿಯುವವರ ತಲೆಯಲ್ಲೂ ಅವು ಎರಡು ಡಬ್ಬಿಗಳಾಗಿಯೇ ಉಳಿಯುತ್ತವೆ. ಎದುರಿಗೆ ಅಳುತ್ತಾ ಕೂತವರು ಬಂದಾಗ ಯಾವ ಡಬ್ಬಿ ತೆಗೆಯಬೇಕೆಂದು ತಿಳಿಯದೆ, ಅಭ್ಯಾಸ ಬಲದಿಂದ ಒಂದು ವಚನ ಹೇಳಿ ಪ್ರಾರ್ಥನೆ ಮಾಡಿ ಕಳಿಸಿಬಿಡುತ್ತಾರೆ. ಅಮೆರಿಕದ ಪಸಡೀನಾದ ಫುಲ್ಲರ್ ಸೆಮಿನರಿ (ದೈವಶಾಸ್ತ್ರ ಕಲಿಸುವ ಸಂಸ್ಥೆ) 1965ರಲ್ಲೇ ಮನಃಶಾಸ್ತ್ರದ ಶಾಲೆ ತೆರೆಯಿತು, ಅಂದರೆ ಈ ಪ್ರಯತ್ನ ಹೊಸದೇನಲ್ಲ. ಆದರೆ ನಿಮಗೆ ಬೇಕಾದ ಸಲಕರಣೆ ಅದಕ್ಕಿಂತ ಹಳೆಯದು. ಪಾದ್ರಿ ಆಂಟನ್ ಬಾಯ್ಸನ್ 1925ರಲ್ಲಿ ಅದೇ ದೇಶದ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆಯೇ ಕಲಿಯಲು ಬಿಟ್ಟರು. ಆ ಪರಂಪರೆಯಲ್ಲಿ ಬೆಳೆದು ಬಂದದ್ದೇ ವರ್ಬೇಟಿಂ, ಅಂದರೆ ನಡೆದ ಮಾತುಕತೆಯನ್ನು ಇದ್ದದ್ದು ಇದ್ದಹಾಗೆ ಬರೆದು ತರುವುದು.

ಮಾಡುವ ಕ್ರಮ ಹೀಗೆ. ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ ಮಡಚಿ. ಎಡಕ್ಕೆ ಆಡಿದ ಮಾತು, ನಡುವೆ ಆ ಹೊತ್ತಿಗೆ ಸಮಾಲೋಚಕರ ಮನಸ್ಸಿನಲ್ಲಿ ಎದ್ದದ್ದು, ಬಲಭಾಗ ಚರ್ಚೆಯ ಹೊತ್ತಿಗೆ ತುಂಬಲು ಖಾಲಿ. 10ರಿಂದ 15 ಸರತಿ ಮಾತು ಸಾಕು, ಇಡೀ ಗಂಟೆಯದ್ದು ಬೇಡ. ಅದೇ ದಿನ ಸಂಜೆಯೊಳಗೆ ಬರೆಯಬೇಕು. ಮರುದಿನ ಬರೆದರೆ ಕೈ ತಾನಾಗಿಯೇ ತಿದ್ದುತ್ತದೆ, ತಪ್ಪು ಮಾತುಗಳೆಲ್ಲ ಮಾಯವಾಗುತ್ತವೆ. ಹೆಸರು ತೆಗೆದರೆ ಸಾಲದು. ‘ತೀರ್ಥಹಳ್ಳಿ ಕಡೆ, ಅಡಿಕೆ ತೋಟ, ಒಬ್ಬನೇ ಮಗ ಬೆಂಗಳೂರಿನಲ್ಲಿ’ ಅಂತ ಬರೆದರೆ ನಮ್ಮ ಕಡೆ ಅರ್ಧ ತಾಲೂಕಿಗೆ ಯಾರೆಂದು ಗೊತ್ತಾಗುತ್ತದೆ. ಊರು, ಬೆಳೆ, ಮಕ್ಕಳ ಸಂಖ್ಯೆ ಎಲ್ಲ ಬದಲಿಸಿ.

ಒಂದೊಂದು ವರ್ಬೇಟಿಂ ಚರ್ಚೆಗೆ 75 ನಿಮಿಷ ಇಡಿ. 10 ನಿಮಿಷ ಇಬ್ಬರು ಎರಡು ಪಾತ್ರವಾಗಿ ಗಟ್ಟಿಯಾಗಿ ಓದಲಿ. 25 ನಿಮಿಷ ಮನಃಶಾಸ್ತ್ರದ ಪ್ರಶ್ನೆ, 25 ದೈವಶಾಸ್ತ್ರದ ಪ್ರಶ್ನೆ, ಕೊನೆಯ 15 ನಿಮಿಷ ಮುಂದಿನ ಭೇಟಿಯಲ್ಲಿ ಏನು ಹೇಳುವುದು ಎಂಬುದಕ್ಕೆ. ಮನಃಶಾಸ್ತ್ರ ಮೊದಲು ಬರಲಿ. ದೈವಶಾಸ್ತ್ರದಿಂದ ಆರಂಭಿಸಿದರೆ ಗುಂಪಿನಲ್ಲಿರುವ ಪಾಸ್ಟರ್ ಅಥವಾ ಹಿರಿಯ ಸಿಸ್ಟರ್ ತೀರ್ಪು ಕೊಟ್ಟ ಹಾಗಾಗಿ ಉಳಿದವರು ಬಾಯಿ ಮುಚ್ಚುತ್ತಾರೆ.

ಉದಾಹರಣೆಗೆ ಒಂದು ಸಾಲು ನೋಡಿ. ಬಂದ ಹೆಂಗಸು ಹೇಳುತ್ತಾರೆ: ‘ದೇವ್ರು ನನ್ ಕೈ ಬಿಟ್ಟಿದಾನೆ. ಜಪಸರ ಹಿಡ್ಕೊಂಡ್ ಕೂತ್ರೂ ಬಾಯಿಗೆ ಮಾತೇ ಬರಲ್ಲ.’ ಹೊಸಬರು ಸಾಮಾನ್ಯವಾಗಿ ಹೇಳುವುದು: ‘ಹಾಗೆಲ್ಲ ಅನ್ಬಾರ್ದಮ್ಮ, ದೇವರು ಯಾರ ಕೈಯನ್ನೂ ಬಿಡಲ್ಲ.’ ಅಲ್ಲಿಗೆ ಬಾಗಿಲು ಹಾಕಿದಂತೆ. ಮನಃಶಾಸ್ತ್ರದ ಕಡೆಯಿಂದ ಕೇಳಬೇಕಾದ್ದು: ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದೆಯೇ, ಎಷ್ಟು ವಾರದಿಂದ, ಸಾವಿನ ಯೋಚನೆ ಬರುತ್ತದೆಯೇ. ದೈವಶಾಸ್ತ್ರದ ಕಡೆಯಿಂದ: ಬೈಬಲಿನ 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನದ ಸಾಲು ಕೂಡ ಇಲ್ಲ. ಆದರೂ ಅದು ಪ್ರಾರ್ಥನೆಯ ಪುಸ್ತಕದಲ್ಲೇ ಇದೆ. ಅಂದಮೇಲೆ ಆಕೆ ಹೇಳಿದ್ದೂ ಪ್ರಾರ್ಥನೆಯೇ. ಎರಡೂ ಕೂಡಿದಾಗ ಬಾಯಿಗೆ ಬರುವ ಮಾತು ಚಿಕ್ಕದು: ‘ಯಾವಾಗಿಂದ ಹಾಗನ್ನಿಸ್ತಿದೆ?’ ಅಷ್ಟೇ.

ಕ್ಲಿನಿಕಲ್ ಸೈಕಾಲಜಿಸ್ಟ್, ಶಿವಮೊಗ್ಗ

ಮೇಲಿನವರು ಹೇಳಿದ್ದಕ್ಕೆ ಪೂರ್ಣ ಸಹಮತ. ಮಿತಿಗಳ ಬಗ್ಗೆ ಸೇರಿಸುತ್ತೇನೆ, ಏಕೆಂದರೆ ಅನಾಹುತ ಆಗುವುದು ಅಲ್ಲೇ.

ಮೊದಲ ಭೇಟಿಯಲ್ಲೇ ಪಿಎಚ್‌ಕ್ಯೂ-9 ಹಾಕುವ ಅಭ್ಯಾಸ ಮಾಡಿಸಿ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೆ 0ಯಿಂದ 3, ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಹೆಚ್ಚಾದರೆ ಮನೋವೈದ್ಯರಿಗೆ ತೋರಿಸಲು ಹೇಳಬೇಕು. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು, ಅದಕ್ಕೆ ಸೊನ್ನೆ ಬಿಟ್ಟು ಏನೇ ಬಂದರೂ ಆವತ್ತೇ, ಆ ಕೋಣೆಯಲ್ಲೇ, ನೇರವಾಗಿ ವಿಚಾರಿಸಬೇಕು. ಮಲೆನಾಡಿನಲ್ಲಿ ತೋಟ–ಗದ್ದೆ ಇರುವ ಮನೆಯೆಂದರೆ ಕೀಟನಾಶಕದ ಡಬ್ಬಿ ಮನೆಯಲ್ಲೇ ಇರುತ್ತದೆ. ‘ಔಷಧಿ ಎಲ್ಲಿ ಇಟ್ಟಿದ್ದೀರಿ, ಬೀಗ ಇದೆಯಾ, ಕೀಲಿ ಯಾರ ಹತ್ರ?’ ಅಂತ ಕೇಳಲು ಕಲಿಸಿ. ಮನೆಯವರಲ್ಲಿ ಒಬ್ಬರು ಅದನ್ನು ಅವತ್ತೇ ಬೇರೆಡೆ ಸಾಗಿಸಬೇಕು. ಆತ್ಮಹತ್ಯೆ ಪಾಪವೋ ಅಲ್ಲವೋ ಅನ್ನುವ ಚರ್ಚೆ ಆ ದಿನ ಬೇಡವೇ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಸಂಖ್ಯೆ ಗೋಡೆಯ ಮೇಲಿರಲಿ, ಕನ್ನಡದಲ್ಲೂ ಮಾತಾಡುತ್ತಾರೆ. ತುರ್ತು ಇದ್ದರೆ ಮೆಗ್ಗಾನ್ ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುವುದು ಅಂತ ಮೊದಲೇ ನಿಗದಿ ಮಾಡಿಡಿ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 115ನೇ ಕಲಂ ಪ್ರಕಾರ, ಬೇರೆ ಸಾಬೀತಾಗದ ಹೊರತು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಪೊಲೀಸರ ಭಯಕ್ಕೆ ಮುಚ್ಚಿಡುವ ಮನೆಗಳಿಗೆ ಈ ಮಾತು ತಿಳಿಸಿ.

ನಂಬಿಕೆಯ ಬಗ್ಗೆ ವಿಚಾರಿಸಲು ಫೈಕಾ ಎಂಬ ಚಿಕ್ಕ ವಿಧಾನವಿದೆ, ಕ್ರಿಸ್ಟಿನಾ ಪುಚಾಲ್ಸ್ಕಿ ರೂಪಿಸಿದ್ದು. ನಾಲ್ಕೇ ವಿಷಯ: ನಂಬಿಕೆ ಏನು, ಬದುಕಿನಲ್ಲಿ ಅದಕ್ಕೆಷ್ಟು ಮಹತ್ವ, ಜೊತೆಗಿರುವ ಸಮುದಾಯ ಯಾವುದು, ಇದನ್ನು ನಾನು ಹೇಗೆ ಗಮನದಲ್ಲಿಟ್ಟುಕೊಳ್ಳಲಿ. ಎರಡನೇ ಭೇಟಿಗೆ ಇಟ್ಟುಕೊಳ್ಳಿ. ಮೊದಲ ದಿನವೇ ಕೇಳಿದರೆ ‘ಚರ್ಚಿಗೆ ಬರ್ತಿಲ್ಲ ಅಂತ ವಿಚಾರಣೆ ಮಾಡ್ತಿದಾರೆ’ ಅಂದುಕೊಳ್ಳುತ್ತಾರೆ. ಕಷ್ಟಕಾಲದಲ್ಲಿ ಜನ ನಂಬಿಕೆಯನ್ನು ಹೇಗೆ ಬಳಸುತ್ತಾರೆಂದು ಅಳೆಯುವ, ಕೆನೆತ್ ಪಾರ್ಗಮೆಂಟ್ ಅವರ ಸಂಕ್ಷಿಪ್ತ ಆರ್‌ಕೋಪ್‌ನ 14 ಪ್ರಶ್ನೆಗಳನ್ನೂ ಪರಿಚಯಿಸಿ. ಏಳು ನಂಬಿಕೆ ಆಸರೆಯಾಗುವ ಬಗೆಯವು, ಏಳು ನಂಬಿಕೆಯೇ ಹೊರೆಯಾಗುವ ಬಗೆಯವು. ದೇವರು ನನ್ನನ್ನು ದಂಡಿಸುತ್ತಿದ್ದಾನೆ ಎಂಬ ಭಾವ ಎರಡನೆಯದರಲ್ಲಿ ಬರುತ್ತದೆ. ಅದು ಎದ್ದು ಕಂಡರೆ ಪ್ರಾರ್ಥನೆ ಹೆಚ್ಚು ಮಾಡಿ ಅನ್ನುವ ಸಲಹೆ ಗಾಯಕ್ಕೆ ಉಪ್ಪು.

ಉಪವಾಸ ಪ್ರಾರ್ಥನೆ ಬಗ್ಗೆ ಪ್ರತ್ಯೇಕವಾಗಿ ಒಂದು ಗಂಟೆ ಪಾಠ ಬೇಕು. ಮನಸ್ಸಿನ ಏರಿಳಿತದ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ನೀರು ಬಿಟ್ಟು ಉಪವಾಸ ಕೂತರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು: ಕೈ ನಡುಕ, ವಾಂತಿ, ತೊದಲು. ‘ನಂಬಿಕೆ ಇದ್ದರೆ ಮಾತ್ರೆ ಯಾಕೆ’ ಎಂದು ಯಾರಾದರೂ ನಿಲ್ಲಿಸಿದರೆ ಕಾಯಿಲೆ ಮರುಕಳಿಸುತ್ತದೆ. ಪ್ರವಾದಿ ಎಲೀಯನು ಸಾಯಬೇಕೆಂದು ಕೇಳಿಕೊಂಡು ಗಿಡದ ಕೆಳಗೆ ಮಲಗಿದಾಗ (ಅರಸುಗಳು ಮೊದಲ ಭಾಗ, 19ನೇ ಅಧ್ಯಾಯ) ದೂತನು ಮೊದಲು ಕೊಟ್ಟದ್ದು ರೊಟ್ಟಿ, ನೀರು. ಆಮೇಲೆ ಮತ್ತೆ ನಿದ್ದೆ. ಉಪದೇಶ ಅಲ್ಲಿ ಇಲ್ಲ. ಈ ಭಾಗವನ್ನು ತರಗತಿಯಲ್ಲಿ ನಿಧಾನವಾಗಿ ಓದಿಸಿ.

ಪ್ರಮಾಣಪತ್ರದಲ್ಲಿ ‘ಕ್ಲಿನಿಕಲ್’ ಎಂಬ ಪದ ಬರಬಾರದು. ಆ ಹೆಸರಿನಲ್ಲಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ಫಾದರ್, ಚಿಕ್ಕಮಗಳೂರು ಜಿಲ್ಲೆ

ದೈವಶಾಸ್ತ್ರದ ಪಠ್ಯ ದಪ್ಪ ಮಾಡಬೇಡಿ. ದೇವರ ಸ್ವರೂಪದಲ್ಲಿ ಮನುಷ್ಯ, ಪಾಪ, ಕೃಪೆ, ಶೋಕಗೀತೆಗಳು, ಈ ನಾಲ್ಕನ್ನು ಆಳವಾಗಿ ಮಾಡಿದರೆ ಹತ್ತು ತಿಂಗಳಿಗೆ ಸಾಕು. ಇವುಗಳಲ್ಲಿ ಪಾಪದ ಪಾಠವೇ ಕಷ್ಟದ್ದು. ‘ನಾನು ತಪ್ಪು ಮಾಡಿದೆ’ ಅನ್ನುವುದಕ್ಕೂ ‘ನಾನೇ ತಪ್ಪು’ ಅನ್ನುವುದಕ್ಕೂ ಇರುವ ಅಂತರ ಹೊಸಬರ ಕಿವಿಗೆ ಬೀಳುವುದಿಲ್ಲ. ಮೊದಲನೆಯದಕ್ಕೆ ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವುದು, ಇದೆ. ಎರಡನೆಯದು ನಾಚಿಕೆ, ಅದಕ್ಕೆ ಪಾಪನಿವೇದನೆ ಮಾಡಿಸಿದರೆ ಇನ್ನೂ ಗಟ್ಟಿಯಾಗುತ್ತದೆ.

ಪಾಪಭೀತಿಯ ಗೀಳು ಇರುವವರು ಮೊದಲು ಬರುವುದು ನಮ್ಮ ಹತ್ತಿರವೇ. ಹೇಳಿದ್ದನ್ನೇ ಹೇಳಿ, ವಾರಕ್ಕೆ ಮೂರು ಸಲ ಪಾಪನಿವೇದನೆ ಮಾಡುತ್ತಾರೆ. ‘ಅದು ಪಾಪ ಅಲ್ಲ’ ಎಂಬ ಸಮಾಧಾನ ಅರ್ಧ ಗಂಟೆ ನಿಲ್ಲುತ್ತದೆ, ಆಮೇಲೆ ಮತ್ತೆ ಅದೇ ಸಂಶಯ. ಸಮಾಧಾನವೇ ಗೀಳಿಗೆ ಗೊಬ್ಬರ. ಯೇಸುಸಭೆ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ನರಳಾಟ ಅನುಭವಿಸಿದ್ದರು, ತಮ್ಮ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಇದರ ಬಗ್ಗೆ ಟಿಪ್ಪಣಿಗಳನ್ನೇ ಬರೆದಿಟ್ಟಿದ್ದಾರೆ. ಮಾಡಬೇಕಾದ್ದು: ಆ ವ್ಯಕ್ತಿಯ ಒಪ್ಪಿಗೆ ಪಡೆದು ಗುರುಗಳು, ಸಮಾಲೋಚಕರು ಒಂದೇ ಮಾತಿಗೆ ಬರಬೇಕು. ಒಬ್ಬರೇ ಗುರು, ಗೊತ್ತುಮಾಡಿದ ದಿನ, ಒಮ್ಮೆ ಹೇಳಿದ ಪಾಪ ಮತ್ತೆ ಹೇಳುವಂತಿಲ್ಲ, ಒಂದು ಪ್ರಶ್ನೆಗೆ ಒಂದೇ ಸಲ ಉತ್ತರ. ಗೀಳಿನ ಚಿಕಿತ್ಸೆಯನ್ನು ತರಬೇತಾದ ಮನೋವೈದ್ಯರು, ಸೈಕಾಲಜಿಸ್ಟ್‌ಗಳೇ ಮಾಡಲಿ. ಅಲ್ಲಿ ಎದುರಿಸಲು ಕಲಿಸುವುದು ‘ಪಾಪವೋ ಏನೋ’ ಎಂಬ ಅನಿಶ್ಚಿತತೆಯನ್ನು, ಪಾಪ ಮಾಡಿಸುವುದಲ್ಲ. ಇದನ್ನು ಮನೆಯವರಿಗೆ ಬಿಡಿಸಿ ಹೇಳದಿದ್ದರೆ ಅರ್ಧದಲ್ಲೇ ಬಿಡಿಸಿಕೊಂಡು ಹೋಗುತ್ತಾರೆ.

ಇನ್ನೊಂದು ಎಚ್ಚರ. ಪಾಪನಿವೇದನೆಯ ಗುಟ್ಟು ಮುರಿಯುವಂತೆಯೇ ಇಲ್ಲ, ಕಥೋಲಿಕ ಚರ್ಚ್ ಕಾನೂನಿನ 983ನೇ ವಿಧಿ. ಸಮಾಲೋಚನೆಯ ಗೋಪ್ಯತೆ ಹಾಗಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೊ 19ನೇ ಕಲಂ ಪ್ರಕಾರ ವರದಿ ಮಾಡಲೇಬೇಕು. ಆದ್ದರಿಂದ ಒಂದೇ ಕುರ್ಚಿಯಲ್ಲಿ ಎರಡೂ ನಡೆಯಬಾರದು. ಗುರುವೇ ಸಮಾಲೋಚಕನಾದರೆ ‘ಇದು ಪಾಪನಿವೇದನೆ ಅಲ್ಲ’ ಎಂದು ಕೂತ ಕೂಡಲೇ ಹೇಳಬೇಕು. ತರಬೇತಿಯಲ್ಲೂ ಅಷ್ಟೇ. ಗುರುಗಳಾಗುವವರು ಓದುವ ಗುರುಮಠದ ಮುಖ್ಯಸ್ಥರು (ರೆಕ್ಟರ್) ತಮ್ಮಲ್ಲೇ ಇರುವ ವಿದ್ಯಾರ್ಥಿಗಳ ಪಾಪನಿವೇದನೆ ಕೇಳಬಾರದು, ಅವರಾಗಿಯೇ ಕೇಳಿಕೊಂಡ ಸಂದರ್ಭ ಬಿಟ್ಟು, ಅನ್ನುತ್ತದೆ 985ನೇ ವಿಧಿ. ನಿಮ್ಮಲ್ಲಿ ಅಂಕ ಕೊಡುವವರು ಕಲಿಯುವವರ ಸ್ವಂತ ಸಮಾಲೋಚಕರೂ ಆಗದಂತೆ ನೋಡಿಕೊಳ್ಳಿ.

ಪಾಸ್ಟರ್, ಸಾಗರ ತಾಲೂಕು

ಯಾವಾಗಲೂ ಮನಃಶಾಸ್ತ್ರ ಮೊದಲು ಎನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಪ್ರತಿ ಸಲವೂ ಹಾಗಾದರೆ ಮನಃಶಾಸ್ತ್ರ ನಿಜ, ದೈವಶಾಸ್ತ್ರ ಮೇಲಿನ ಒಗ್ಗರಣೆ ಎಂಬ ಪಾಠ ಹೇಳದೆಯೇ ಹೋಗುತ್ತದೆ. ಮೂರು ತಿಂಗಳ ನಂತರ ಸರದಿ ಬದಲಿಸಿ. ಮೊದಲ ಶನಿವಾರವೇ ಪ್ರತಿಯೊಬ್ಬರೂ ಒಂದು ಪುಟದಲ್ಲಿ ತಮ್ಮ ನಿಲುವು ಬರೆಯಲಿ. ಜೇ ಆಡಮ್ಸ್ 1970ರಲ್ಲಿ ವಾದಿಸಿದಂತೆ ಬೈಬಲ್ ಒಂದೇ ಸಾಕು ಅನ್ನುವವರು ಇರುತ್ತಾರೆ, ಎರಡೂ ಬೇರೆ ಬೇರೆ ಮಟ್ಟದ ವಿವರಣೆ ಅನ್ನುವವರೂ ಇರುತ್ತಾರೆ. ಬರೆಯದೆ ಬಿಟ್ಟರೆ ಈ ಜಗಳ ಪ್ರತಿ ವರ್ಬೇಟಿಂನಲ್ಲೂ ಬೇರೆ ಹೆಸರಲ್ಲಿ ಏಳುತ್ತದೆ.

ಕ್ಷಮೆಯ ಪಾಠಕ್ಕೆ ಎವರೆಟ್ ವರ್ದಿಂಗ್ಟನ್ ಅವರ ಐದು ಮೆಟ್ಟಿಲು ಚೆನ್ನಾಗಿದೆ: ನೋವನ್ನು ನೆನೆಯುವುದು, ನೋಯಿಸಿದವರನ್ನು ಅರಿಯಲು ಯತ್ನಿಸುವುದು, ಕ್ಷಮೆಯನ್ನು ಕಾಣಿಕೆಯಾಗಿ ಕೊಡುವುದು, ಅದಕ್ಕೆ ಬದ್ಧರಾಗುವುದು, ಸಂಶಯ ಬಂದಾಗ ಹಿಡಿದುಕೊಳ್ಳುವುದು. ಆದರೆ ಹೊಡೆತ ಇನ್ನೂ ನಡೆಯುತ್ತಿರುವ ಮನೆಯಲ್ಲಿ ಇದನ್ನು ಶುರು ಮಾಡಲೇಬಾರದು. ಕ್ಷಮಿಸುವುದು ಬೇರೆ, ವಾಪಸ್ ಹೋಗಿ ಒಟ್ಟಿಗೆ ಇರುವುದು ಬೇರೆ. ‘ಗಂಡನಿಗೆ ಅಧೀನಳಾಗಿರು’ ಎಂಬ ವಚನ ಹಿಡಿದು ಕಳಿಸುವ ಮುನ್ನ 181 ಮಹಿಳಾ ಸಹಾಯವಾಣಿಯ ಸಂಖ್ಯೆ ಕೈಗೆ ಕೊಡಬೇಕು.

ಶಾಲಾ ಕೌನ್ಸೆಲರ್, ಭದ್ರಾವತಿ

ಭಾಷೆಯನ್ನು ಯಾರೂ ಹೇಳಲಿಲ್ಲ. ನಮ್ಮ ಭಾಗದ ಕ್ರೈಸ್ತರಲ್ಲಿ ಮನೆಮಾತು ಕೊಂಕಣಿ, ತಮಿಳು, ಮಲಯಾಳಂ ಎಲ್ಲ ಇದೆ. ವಿಷಯ ಕನ್ನಡದಲ್ಲಿ ಹೇಳಿದರೂ ಪ್ರಾರ್ಥನೆ ಬರುವುದು ಮನೆಮಾತಲ್ಲಿ. ಅಳು ಬರುವುದೂ ಅದರಲ್ಲೇ. ‘ನೀವು ಯಾವ ಭಾಷೇಲಿ ಪ್ರಾರ್ಥನೆ ಮಾಡ್ತೀರಿ?’ ಎಂಬ ಪ್ರಶ್ನೆಯನ್ನು ಫೈಕಾ ಜೊತೆ ಸೇರಿಸಿಕೊಳ್ಳಿ.

ಇನ್ನು, ಬರುವವರಲ್ಲಿ ಎಷ್ಟೋ ಜನ ಕ್ರೈಸ್ತರಲ್ಲ. ಸಿಯಾಂಗ್-ಯಾಂಗ್ ಟಾನ್ ಮಾಡಿದ ವಿಂಗಡಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರಾರ್ಥನೆ, ವಚನ ಬಳಸುವುದು ಪ್ರಕಟ ಬಗೆ, ಸಮಾಲೋಚಕರ ತಾಳ್ಮೆ, ಗೌರವದಲ್ಲಿ ಮಾತ್ರ ನಂಬಿಕೆ ಇರುವುದು ಅಪ್ರಕಟ ಬಗೆ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಎರಡನೆಯದು ಮಾತ್ರ. ಹರಕೆ, ದೇವರ ಅಪ್ಪಣೆ ಕೇಳುವುದು, ಚೌಡಿ ಎಂದೆಲ್ಲ ಅವರು ಹೇಳಿದಾಗ ಮುಖ ಬದಲಾಗಬಾರದು. ಅವರ ನಂಬಿಕೆಯ ಬಗ್ಗೆಯೂ ಅದೇ ನಾಲ್ಕು ಪ್ರಶ್ನೆ. ಕ್ರೈಸ್ತರೇ ಆದರೂ ಪ್ರಾರ್ಥನೆ ಯಾರು ಕೇಳಿದ್ದು ಎಂಬುದನ್ನು ವರ್ಬೇಟಿಂನಲ್ಲಿ ಗುರುತು ಹಾಕಿಸಿ. ಮಾತು ಬಿಗಿಯಾದ ಗಳಿಗೆಯಲ್ಲಿ ಸಮಾಲೋಚಕರೇ ‘ಪ್ರಾರ್ಥನೆ ಮಾಡೋಣ್ವಾ’ ಅಂದಿದ್ದರೆ, ಬಹುಪಾಲು ಅದು ತಮ್ಮ ಗಾಬರಿಗೆ ಹುಡುಕಿಕೊಂಡ ದಾರಿ.

ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಬೆಳಗ್ಗೆ–ಮಧ್ಯಾಹ್ನದ ವಿಂಗಡಣೆ ಕೈಬಿಡುತ್ತೇವೆ. 12 ಜನಕ್ಕೆ ವರ್ಬೇಟಿಂ ಹಂಚುವುದು ಹೇಗೆ, ಹಾಳೆಗಳನ್ನು ಏನು ಮಾಡುವುದು?

ತರಬೇತುದಾರರು, ಸಾಗರ

ಮೊದಲ ಎರಡು ಶನಿವಾರ ಬಿಡಿ. ಉಳಿದ 18ರಲ್ಲಿ ದಿನಕ್ಕೆರಡು ಅಂದರೆ 36, ತಲೆಗೆ ಮೂರು ಬರುತ್ತದೆ. ಎರಡು ಸೇರಿ ಎರಡೂವರೆ ಗಂಟೆ, ನಡುವೆ ಚಹಾ. ಪಾಸ್ಟರ್ ಹೇಳಿದ ಸರದಿ ಬದಲಾವಣೆ ಸರಿಯೇ, ನಾಲ್ಕನೇ ತಿಂಗಳಿಂದ ಮಾಡಿ. ಜುಲೈ, ಆಗಸ್ಟಿನಲ್ಲಿ ಮಳೆಗೆ ಬಸ್ಸು ನಿಂತು ಓದಬೇಕಾದವರು ಬರದಿದ್ದರೆ ಅಂತ ಒಬ್ಬರದ್ದು ಹೆಚ್ಚುವರಿಯಾಗಿ ಸಿದ್ಧವಿರಲಿ. ವಾಟ್ಸಾಪ್‌ನಲ್ಲಿ ಕಳಿಸಲು ಬಿಡಬೇಡಿ, ಫೋಟೋ ಕೂಡ ಬೇಡ. ಪ್ರತಿಗಳಿಗೆ ನಂಬರ್ ಹಾಕಿ ಹಂಚಿ, ಸಂಜೆ ಎಣಿಸಿ ವಾಪಸ್ ಪಡೆದು ಅಲ್ಲೇ ಸುಟ್ಟುಬಿಡಿ. ಬರೆದವರ ಬಳಿ ಬಲಭಾಗ ತುಂಬಿದ ಒಂದು ಪ್ರತಿ ಮಾತ್ರ ಉಳಿಯಲಿ.