ಸಹಾಯ ಬೇಕು: ಗ್ರಾಹಕರ ಜೊತೆ ಕೂತು ಬ್ರೌಸರ್‌ನಲ್ಲೇ ಡಿಸೈನ್ ಮಾಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರದ ಒಂದು ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ಮೊದಲು ಫಿಗ್ಮಾ ಎಂಬ ಡಿಸೈನ್ ತಂತ್ರಾಂಶದಲ್ಲಿ ಮಾದರಿ ಮಾಡಿ ಕಳಿಸಿದ್ದೆ, ಮಾಲೀಕರು ಒಪ್ಪಿದ್ದರು. ಆದರೆ ಅವರ ಫೋನಿನಲ್ಲಿ ತೆರೆದಾಗ ಕನ್ನಡ ಶೀರ್ಷಿಕೆ ಮೂರು ಸಾಲಾಯಿತು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತಿದ್ದವು. ಅವರಿಗೆ ಬೇಜಾರಾಯಿತು. ಆಗೋದು ಸಹಜ ಅಲ್ವಾ?

ಹಾಗಾಗಿ ಈಗ ಅವರ ಪಕ್ಕದಲ್ಲೇ ಕೂತು ಕ್ರೋಮ್ ಡೆವ್‌ಟೂಲ್ಸ್‌ನಲ್ಲಿ (ತೆರೆದ ಪುಟವನ್ನು ಬ್ರೌಸರ್‌ನಲ್ಲೇ ತಿದ್ದಿ ನೋಡುವ ಸಲಕರಣೆ) ನೇರವಾಗಿ ತಿದ್ದುತ್ತೇನೆ. ಲೈನ್-ಹೈಟ್ (ಸಾಲಿನ ಎತ್ತರ) 1.2 ಇದ್ದದ್ದನ್ನು 1.6 ಮಾಡಿದ ತಕ್ಷಣ ಅವರ ಮುಖ ಅರಳಿತು. ಹೀಗೆ ಕೆಲಸ ಮಾಡುವುದೇ ಸರಿ ಅಂತ ನನಗೆ ಗಟ್ಟಿಯಾಗಿ ಅನಿಸಿದೆ.

ತೊಂದರೆ ಇರುವುದು ಉಳಿಸಿಕೊಳ್ಳುವುದರಲ್ಲಿ. ಡೆವ್‌ಟೂಲ್ಸ್‌ನಲ್ಲಿ ತಿದ್ದಿದ್ದನ್ನು ನಮ್ಮ ಕಂಪ್ಯೂಟರಿನಲ್ಲಿ ಉಳಿಸುವ ಲೋಕಲ್ ಓವರ್‌ರೈಡ್ಸ್ ಆನ್ ಮಾಡಿದರೆ ಸಿಎಸ್‌ಎಸ್ (ಪುಟದ ರೂಪ ನಿರ್ಧರಿಸುವ ಕೋಡ್) ಬದಲಾವಣೆ ರಿಫ್ರೆಶ್ ಆದರೂ ಇರುತ್ತದೆ. ಪುಟದ ರಚನೆ ತೋರಿಸುವ ಎಲಿಮೆಂಟ್ಸ್ ಪ್ಯಾನೆಲ್‌ನಲ್ಲಿ ತಿದ್ದಿದ ಬರಹ ಮಾತ್ರ ಹೋಗಿಬಿಡುತ್ತದೆ. ತೋಟದ ಬಗ್ಗೆ ಮಾಲೀಕರು ಪ್ರೀತಿಯಿಂದ ಹೇಳಿ ಬರೆಸಿದ ಸಾಲುಗಳನ್ನು ಹಾಗೇ ಕಳೆದುಕೊಂಡೆ.

ನೀವು ಏನು ಮಾಡುತ್ತೀರಿ? ಗ್ರಾಹಕರ ಎದುರು ಕೋಡ್ ಎಡಿಟರ್ ತೆರೆದು ಲೈವ್ ರಿಲೋಡ್ (ಕೋಡ್ ಉಳಿಸಿದ ತಕ್ಷಣ ಪುಟ ತಾನೇ ಹೊಸದಾಗುವುದು) ಇಟ್ಟರೆ ಅವರು ಗಾಬರಿಯಾಗುತ್ತಾರಾ? ಹಿಂದಿನ ಮತ್ತು ಈಗಿನ ರೂಪವನ್ನು ಅಕ್ಕಪಕ್ಕ ತೋರಿಸಲು ಗಿಟ್ ಬ್ರಾಂಚ್‌ಗಿಂತ (ಕೋಡಿನ ಬೇರೆ ಬೇರೆ ಆವೃತ್ತಿಗಳನ್ನು ಪ್ರತ್ಯೇಕವಾಗಿ ಇಡುವ ವಿಧಾನ) ಸುಲಭದ ದಾರಿ ಇದೆಯಾ? ಶನಿವಾರ ಮತ್ತೆ ಅವರ ಮನೆಗೆ ಹೋಗಬೇಕು. ಅಷ್ಟರಲ್ಲಿ ಯಾರಾದರೂ ತಿಳಿಸಿದರೆ ತುಂಬಾ ಉಪಕಾರ.