ಸತ್ತ ಸಾಮರ್‌ಸೆಟ್ ಮತ್ತೆ ಬರೋದು ಹೇಗೆ? ‘ಆರನೇ ಹೆನ್ರಿ’, ‘ಮೂರನೇ ರಿಚರ್ಡ್’ ಓದುವವರಿಗೆ ಪ್ರಶ್ನೆ

ಪ್ರಶ್ನೆ
ಶೇಕ್ಸ್‌ಪಿಯರನ ‘ಆರನೇ ಹೆನ್ರಿ’ಯ ಮೂರೂ ಭಾಗ, ಆಮೇಲೆ ‘ಮೂರನೇ ರಿಚರ್ಡ್’ ಅಂತ ಓದ್ತಾ ಇದ್ದೇನೆ. ಎರಡನೇ ಭಾಗದ ಕೊನೆಗೆ ಸತ್ತ ಸಾಮರ್‌ಸೆಟ್ ಮೂರನೇ ಭಾಗದಲ್ಲಿ ಮತ್ತೆ ಹಾಜರ್! ಯಾರ್ಕ್‌ನ ಡ್ಯೂಕ್ ಸಿಂಹಾಸನ ಕೇಳೋದು ಯಾವ ಲೆಕ್ಕದಲ್ಲಿ? ಇದರಲ್ಲಿ ಇತಿಹಾಸ ಎಷ್ಟಿದೆ?

ಉತ್ತರ 1
ಸಾಮರ್‌ಸೆಟ್ ಅನ್ನೋದು ಪದವಿ. 1455ರಲ್ಲಿ ಸೇಂಟ್ ಆಲ್ಬನ್ಸ್ ಕಾಳಗದಲ್ಲಿ ಸತ್ತವನು ಎಡ್ಮಂಡ್ ಬೋಫರ್ಟ್. ಮೂರನೇ ಭಾಗದಲ್ಲಿ ಬರುವವನು ಅವನ ಇಬ್ಬರು ಮಕ್ಕಳನ್ನು ಸೇರಿಸಿ ಮಾಡಿದ ಒಂದೇ ಪಾತ್ರ. ನಿಜದಲ್ಲಿ ಒಬ್ಬನ ತಲೆ ಹೋಗಿದ್ದು 1464ರಲ್ಲಿ, ಇನ್ನೊಬ್ಬನದು 1471ರಲ್ಲಿ. ಒಂದನೇ ಭಾಗದ ವಾರ್ವಿಕ್ ಕೂಡ ಮೂರನೇ ಭಾಗದ ವಾರ್ವಿಕ್ ಅಲ್ಲ. ಪಾತ್ರಪಟ್ಟಿ ಬರೆದುಕೊಳ್ಳುವಾಗ ಪದವಿಯ ಪಕ್ಕ ಹುಟ್ಟುಹೆಸರು, ಸತ್ತ ವರ್ಷ ಎರಡನ್ನೂ ಹಾಕಿ.

ಹಕ್ಕಿನ ವಿಷಯಕ್ಕೆ ಎರಡನೇ ಭಾಗದ 2ನೇ ಅಂಕ, 2ನೇ ದೃಶ್ಯ ತೆಗೆಯಿರಿ. ಯಾರ್ಕ್ ಅಲ್ಲಿ ಮೂರನೇ ಎಡ್ವರ್ಡ್‌ನ 7 ಗಂಡುಮಕ್ಕಳನ್ನೂ ಹೆಸರಿಸುತ್ತಾನೆ. ನಿಮಗೆ ಬೇಕಾದ್ದು ಇಬ್ಬರೇ. ಇಬ್ಬರಲ್ಲಿ ಹಿರಿಯನಾದ ಲಯೊನೆಲ್‌ನ ಕೆಳಗೆ ಮಗಳು ಫಿಲಿಪ್ಪ, ಅವಳ ಮಗ ರೋಜರ್ ಮಾರ್ಟಿಮರ್, ಅವನ ಮಗಳು ಆ್ಯನ್, ಅವಳ ಮಗನೇ ಯಾರ್ಕ್. ಕಿರಿಯನಾದ ಗಾಂಟ್‌ನ ಜಾನ್‌ನ ಕೆಳಗೆ ನಾಲ್ಕು, ಐದು, ಆರನೇ ಹೆನ್ರಿಗಳು. ಯಾರ್ಕ್‌ನ ಸಾಲು ಹಿರಿಯದು, ಆದರೆ ಎರಡು ಸಲ ಹೆಣ್ಣಿನ ಮೂಲಕ ಇಳಿದಿದೆ. ಈ ಹೆನ್ರಿಗಳ ಲ್ಯಾಂಕಾಸ್ಟರ್ ಸಾಲು ಕಿರಿಯದು, ಆದರೆ ಪೂರ್ತಿ ಗಂಡುಸಂತತಿ. ಜಗಳದ ಬೇರು ಇದೇ. ಕೆಲವು ವಂಶವೃಕ್ಷಗಳಲ್ಲಿ ಲಯೊನೆಲ್ 2ನೆಯವನು, ಕೆಲವದರಲ್ಲಿ 3ನೆಯವನು; ಕೂಸಿನಲ್ಲೇ ತೀರಿಕೊಂಡ ವಿಲಿಯಂನನ್ನು ಎಣಿಸೋದು ಬಿಡೋದರಿಂದ ಈ ವ್ಯತ್ಯಾಸ.

ಉತ್ತರ 2
ವಯಸ್ಸು, ಕಾಲ ಎರಡನ್ನೂ ನಂಬಬೇಡಿ. ಮೂರನೇ ಭಾಗದ ಮೊದಲ ದೃಶ್ಯದಲ್ಲಿ ಯಾರ್ಕ್‌ನ ಮಗ ರಿಚರ್ಡ್ (ಮುಂದೆ ಮೂರನೇ ರಿಚರ್ಡ್ ಆಗುವವನು) ಸಾಮರ್‌ಸೆಟ್‌ನ ತಲೆಯನ್ನು ನೆಲಕ್ಕೆ ಎಸೆಯುತ್ತಾನೆ. ಈ ರಿಚರ್ಡ್ ಹುಟ್ಟಿದ್ದು 1452ರ ಅಕ್ಟೋಬರ್‌ನಲ್ಲಿ, ಸೇಂಟ್ ಆಲ್ಬನ್ಸ್ ಕಾಳಗದ ಹೊತ್ತಿಗೆ ಎರಡೂವರೆ ವರ್ಷದ ಮಗು! ‘ಮೂರನೇ ರಿಚರ್ಡ್’ನಲ್ಲಿ ಆರನೇ ಹೆನ್ರಿಯ ಶವಯಾತ್ರೆ (1471), ರಿಚರ್ಡ್‌ನ ಅಣ್ಣ ಕ್ಲಾರೆನ್ಸ್‌ನ ಸಾವು (1478), ನಾಲ್ಕನೇ ಎಡ್ವರ್ಡ್‌ನ ಸಾವು (1483) ಒಂದರ ಹಿಂದೊಂದು ಬಂದುಬಿಡುತ್ತವೆ. ಗೂನುಬೆನ್ನೂ ಅಷ್ಟೇ: 2012ರಲ್ಲಿ ಲೆಸ್ಟರ್‌ನಲ್ಲಿ ಸಿಕ್ಕ ರಿಚರ್ಡ್‌ನ ಅಸ್ಥಿಪಂಜರದಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ಗೂನು ಇರಲಿಲ್ಲ, ಕೈ ಸೊರಗಿರಲೂ ಇಲ್ಲ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಆರನೇ ಹೆನ್ರಿಯ ರಾಣಿ ಮಾರ್ಗರೆಟ್ 1482ರಲ್ಲೇ ತೀರಿಕೊಂಡಳಂತೆ. ಹಾಗಾದರೆ ‘ಮೂರನೇ ರಿಚರ್ಡ್’ ಆಡುವಾಗ ಅವಳನ್ನು ಕೈಬಿಡಬಹುದಾ?

ಉತ್ತರ 3
ಬಿಟ್ಟವರಿದ್ದಾರೆ, 1955ರ ಒಲಿವಿಯೆ ಸಿನಿಮಾದಲ್ಲಿ ಅವಳಿಲ್ಲ. ಆದರೆ ದಯವಿಟ್ಟು ಬಿಡಬೇಡಿ. 1ನೇ ಅಂಕದ 3ನೇ ದೃಶ್ಯದಲ್ಲಿ ಅವಳು ಹಾಕುವ ಶಾಪ ಇಡೀ ನಾಟಕವನ್ನು ಹೊತ್ತಿದೆ. ಗ್ರೇ, ಹೇಸ್ಟಿಂಗ್ಸ್, ಬಕಿಂಗ್‌ಹ್ಯಾಮ್ ಮೂವರೂ ಸಾವಿನ ಮುಂದೆ ನಿಂತು ಅವಳ ಹೆಸರನ್ನೇ ಎತ್ತುತ್ತಾರೆ. ಅವಳನ್ನು ಕತ್ತರಿಸಿದರೆ 3ನೇ ಅಂಕದ 3 ಮತ್ತು 4ನೇ ದೃಶ್ಯ, 5ನೇ ಅಂಕದ 1ನೇ ದೃಶ್ಯಗಳಲ್ಲಿ ಆ ಸಾಲುಗಳನ್ನೂ ತೆಗೆಯಬೇಕು. ನಾಲ್ಕನೇ ಎಡ್ವರ್ಡ್‌ನ ಹೆಂಡತಿ ಎಲಿಜಬೆತ್ ರಾಣಿ ಮಾರ್ಗರೆಟ್ ಹತ್ತಿರ ಬಂದು ಶಪಿಸೋದನ್ನು ಕಲಿಸು ಅಂತ ಬೇಡುವ 4ನೇ ಅಂಕದ 4ನೇ ದೃಶ್ಯವಂತೂ ಕುಸಿದೇ ಹೋಗುತ್ತೆ. ಉದ್ದ ಕಡಿಮೆ ಮಾಡಲೇಬೇಕಿದ್ದರೆ ಕೊನೆಯ ಬಾಸ್‌ವರ್ತ್ ಕಾಳಗಕ್ಕೆ ಮುಂಚೆ ರಿಚರ್ಡ್ ಮತ್ತು ಅವನ ಎದುರಾಳಿ ರಿಚ್ಮಂಡ್ ಮಾಡುವ ಭಾಷಣಗಳಿಂದ ಶುರು ಮಾಡಿ.