ಶೂ ರಿಪೇರಿ ಅಣ್ಣನನ್ನು ಕೇಳಿ: ಸಿಮೆಂಟ್ ಕೋರ್ಟಿನಲ್ಲಿ ಬಾಸ್ಕೆಟ್‌ಬಾಲ್ ಶೂ ಎಷ್ಟು ದಿನ ಬರುತ್ತದೆ?

ಈ ವಾರ ಉತ್ತರ ಕೊಡುವವರು ನಮ್ಮ ಶೂ ರಿಪೇರಿ ಅಣ್ಣ. ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗಡಿ ಇಟ್ಟಿದ್ದಾರೆ. ಹುಡುಗರಾಗಿದ್ದಾಗ ತಾವೂ ಆಡಿದವರು. ಏನು ಕೇಳೋದಿದ್ದರೂ ಇಲ್ಲೇ ಕೇಳಿ.

ಕೌಲ್ ಬಜಾರ್‌ನಿಂದ ಒಬ್ಬ ತಂದೆ: ಅಣ್ಣಾ, ನನ್ನ ಮಗನಿಗೆ 17 ವರ್ಷ. ಹೋದ ಜೂನ್‌ನಲ್ಲಿ ಏಳು ಸಾವಿರ ಕೊಟ್ಟು ಶೂ ಕೊಡಿಸಿದೆ. ದಿನಾ ಸಂಜೆ ಎರಡು ತಾಸು ಆಡುತ್ತಾನೆ. ಶೂ ನೋಡಿದರೆ ಇನ್ನೂ ಹೊಸದರ ಹಾಗೇ ಇದೆ. ಆದರೆ "ಶೂ ಸತ್ತಿದೆ ಅಪ್ಪಾ, ಮೊಣಕಾಲು ನೋಯುತ್ತೆ" ಅಂತಾನೆ. ನಿಜಾನೋ, ಹೊಸ ಶೂಗೆ ನೆಪಾನೋ?

ಉತ್ತರ: ನಿಜ ಇರಬಹುದು. ಹುಡುಗನನ್ನು ಬೈಯಬೇಡಿ.

ಬಾಸ್ಕೆಟ್‌ಬಾಲ್ ಶೂ ಮೊದಲು ಸಾಯೋದು ಹೊಟ್ಟೆಯಲ್ಲಿ. ಕೆಳಗಿನ ರಬ್ಬರ್ ಅಟ್ಟೆಗೂ ಕಾಲಿಗೂ ನಡುವೆ ಒಂದು ಫೋಮ್ ಇರುತ್ತದೆ, ಮಿಡ್‌ಸೋಲ್ ಅಂತಾರೆ. ಹೆಚ್ಚಿನ ಶೂಗಳಲ್ಲಿ ಅದು ಇವಿಎ ಫೋಮ್. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿಗುಳ್ಳೆಗಳು ತುಂಬಿರುತ್ತವೆ. ಹಾರಿ ಇಳಿದಾಗಲೆಲ್ಲ ಅವು ಕುಗ್ಗಿ ಮತ್ತೆ ಉಬ್ಬುತ್ತವೆ. ಕುಗ್ಗಿ ಕುಗ್ಗಿ ಕೊನೆಗೆ ಉಬ್ಬೋದನ್ನೇ ಬಿಡುತ್ತವೆ. ಆಗ ಮೇಲೆ ಎಷ್ಟೇ ಹೊಳೆದರೂ ಒಳಗೆ ಹಲಗೆ.

ಹೋದ ತಿಂಗಳು ಇಂಥದೇ ಒಂದು ಜೊತೆ ಬಂತು. ಇನ್ನು ಬೇಡ ಅಂತ ಹುಡುಗ ಬಿಟ್ಟುಹೋದ. ಸುಮ್ನೆ ಕುತೂಹಲಕ್ಕೆ ರಂಪಿಗೆ ತೊಗೊಂಡು ಉದ್ದಕ್ಕೆ ಸೀಳಿದೆ. ಪಾದದ ನಡುಭಾಗ ಬರುವ ಕಡೆ ಫೋಮ್ ಬೆರಳು ದಪ್ಪ ಇತ್ತು, ಒತ್ತಿದರೆ ಮೆತ್ತಗೆ. ಹೆಬ್ಬೆರಳಿನ ಬುಡದಲ್ಲಿ, ಅಂದರೆ ಹಾರುವಾಗ ಒತ್ತು ಬೀಳುವ ಜಾಗದಲ್ಲಿ, ಅದರ ಅರ್ಧವೂ ಇರಲಿಲ್ಲ. ಉಗುರು ಊರಿದರೂ ಗುಳಿ ಬೀಳಲಿಲ್ಲ.

ಮನೆಯಲ್ಲೇ ನೋಡೋದು ಹೇಗೆ? ಶೂನ ಪಕ್ಕದ ಫೋಮ್‌ನಲ್ಲಿ ಅಡ್ಡಗೆರೆ, ಸುಕ್ಕು ಬಂದಿದೆಯಾ ನೋಡಿ. ಆಮೇಲೆ ಎರಡೂ ಶೂ ಮೇಜಿನ ಮೇಲಿಟ್ಟು ಹಿಂದಿನಿಂದ ಕಣ್ಣಿನ ಮಟ್ಟಕ್ಕೆ ನೋಡಿ. ಒಳಗೋ ಹೊರಗೋ ವಾಲಿದ್ದರೆ ಅದರ ಕಥೆ ಮುಗಿದಿದೆ. ನನ್ನ ಅಂಗಡಿಯ ಅನುಭವದಲ್ಲಿ ದಿನಾ ಆಡುವ ಹುಡುಗರ ಶೂ ಆರೇಳು ತಿಂಗಳಿಗೆ ಈ ಗತಿಗೆ ಬರುತ್ತದೆ. ಎರಡು ಜೊತೆ ಇಟ್ಟು ದಿನ ಬಿಟ್ಟು ದಿನ ಹಾಕಿದರೆ ಫೋಮ್‌ಗೂ ಉಸಿರಾಡಲು ಸಮಯ ಸಿಗುತ್ತದೆ, ಬೆವರೂ ಆರುತ್ತದೆ. ಹೊಸ ಶೂ ಹಾಕಿದ ಮೇಲೂ ನೋವು ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ನನ್ನ ಹತ್ತಿರ ಅಲ್ಲ.

ಕಾಲೇಜು ಹುಡುಗ: ಅಣ್ಣಾ, ನನ್ನದು ಉಲ್ಟಾ. ಒಳಗೆ ಚೆನ್ನಾಗಿದೆ, ಕೆಳಗಿನ ರಬ್ಬರ್ ಮೂರೇ ತಿಂಗಳಿಗೆ ಬೋಳು! ಧೂಳಿದ್ದಾಗ ಜಾರುತ್ತದೆ ಕೂಡ.

ಉತ್ತರ: ತಮ್ಮಾ, ನೀನು ತೊಗೊಂಡಿದ್ದು ಮರದ ನೆಲದ ಶೂ. ಒಳಾಂಗಣದ ಮರದ ಕೋರ್ಟಿಗೆ ಮೆತ್ತನೆ ರಬ್ಬರ್ ಬೇಕು, ಅದು ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ನಮ್ಮೂರಲ್ಲಿ ಸಿಕ್ಕೋದು ಸಿಮೆಂಟ್ ನೆಲ. ಮೆತ್ತನೆ ರಬ್ಬರ್‌ಗೆ ಅದು ಉಪ್ಪುಕಾಗದ ಇದ್ದ ಹಾಗೆ. ಕೊಳ್ಳುವಾಗ ಅಟ್ಟೆಯನ್ನು ಉಗುರಿನಿಂದ ಒತ್ತಿ ನೋಡು. ಸಲೀಸಾಗಿ ಗುರುತು ಬಿದ್ದರೆ ಬಿಟ್ಟುಬಿಡು. ಗೆರೆಗಳು ಆಳ ಇರಬೇಕು, ರಬ್ಬರ್ ದಪ್ಪ ಇರಬೇಕು. ನೈಕಿಯವರ ಕೆಲವು ಶೂಗಳ ಅಡಿಯಲ್ಲಿ ಎಕ್ಸ್‌ಡಿಆರ್ ಅಂತ ಬರೆದಿರುತ್ತದೆ. ಅದು ಜಾಸ್ತಿ ಬಾಳಿಕೆಯ ರಬ್ಬರ್ ಅನ್ನೋ ಗುರುತು.

ಇನ್ನು ಧೂಳು. ಅದಿರಿನ ಲಾರಿ ಓಡಾಡುವ ಊರು ನಮ್ಮದು, ಕೆಂಧೂಳು ಕೇಳಬೇಕಾ? ಅಟ್ಟೆಯ ಗೆರೆಯೊಳಗೆ ಕೂತರೆ ಎಂಥ ಶೂ ಆದರೂ ಜಾರುತ್ತದೆ. ಕೋರ್ಟಿನ ಪಕ್ಕ ಒಂದು ಒದ್ದೆ ಬಟ್ಟೆ ಇಟ್ಟುಕೊಂಡು ಆಗಾಗ ಒರೆಸಿಕೋ. ಮನೆಗೆ ಬಂದು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಗೆರೆ ಉಜ್ಜು. ಮುಖ್ಯ ಮಾತು: ಬೈಕ್ ಓಡಿಸಲು, ಮಿರ್ಚಿ ತಿನ್ನೋಕೆ ಹೋಗಲು ಅದೇ ಶೂ ಹಾಕಬೇಡ. ಕೋರ್ಟಿನ ತನಕ ಚಪ್ಪಲಿ, ಅಲ್ಲಿ ಶೂ. ಅರ್ಧ ಅಟ್ಟೆ ಸವೆಯೋದು ರಸ್ತೆಯಲ್ಲೇ.

ಅದೇ ಹುಡುಗ: ಮುಂದಿನ ಅಟ್ಟೆ ಬಾಯಿ ಬಿಟ್ಟಿದೆ, ಕ್ವಿಕ್ ಗಮ್ ಹಾಕಲಾ?

ಉತ್ತರ: ಬೇಡಪ್ಪಾ! ಅದು ಒಣಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಬಾಗುವ ಜಾಗ ಅದು, ಎರಡು ದಿನಕ್ಕೆ ಬಿರಿಯುತ್ತದೆ. ಆಮೇಲೆ ನಾನು ಅದನ್ನು ಕೆರೆದು ತೆಗೆಯೋದರಲ್ಲೇ ಅರ್ಧ ತಾಸು ಹೋಗುತ್ತದೆ. ಬಾಗಿದರೂ ಬಿಡದ ಗಮ್ ಬೇರೆ ಇದೆ, ಅದನ್ನು ಹಚ್ಚಿ, ಬಿಸಿ ಮಾಡಿ, ಒತ್ತಿ, ಸುತ್ತಲೂ ಹೊಲಿಗೆ ಹಾಕಬೇಕು. ಶೂ ಒದ್ದೆಯಾದರೆ ಬಿಸಿಲಿಗೆ ಇಡಬೇಡ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬಂಡೆ ಮೇಲೆ ಒಣಗಿಸಿದರೆ, ಕಾರಿನ ಡಿಕ್ಕಿಯಲ್ಲಿ ಬಿಟ್ಟರೆ ಗಮ್ ಮೆತ್ತಗಾಗಿ ಅಟ್ಟೆ ಬಿಡುತ್ತದೆ. ಒಳಗೆ ಪೇಪರ್ ತುರುಕಿ ನೆರಳಲ್ಲಿ ಇಡು.

ಗಾಂಧಿನಗರದಿಂದ ಒಬ್ಬ ತಾಯಿ: ಮಗಳ ಕಾಲು ಎರಡು ಸಲ ಉಳುಕಿದೆ. ಗಿಣ್ಣು ಮುಚ್ಚುವ ಎತ್ತರದ ಶೂ ತೊಗೊಂಡರೆ ಉಳುಕಲ್ಲ ಅಂತ ಅಂಗಡಿಯವರು ಹೇಳಿದರು.

ಉತ್ತರ: ಅಕ್ಕಾ, ಎತ್ತರದ ಶೂ ಹಾಕಿದರೆ ಉಳುಕೋದಿಲ್ಲ ಅನ್ನೋದು ಬಹಳ ಹಳೆಯ ನಂಬಿಕೆ. 1993ರಲ್ಲಿ ಅಮೆರಿಕದಲ್ಲಿ 622 ಕಾಲೇಜು ಆಟಗಾರರ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಕೆಲವರಿಗೆ ಎತ್ತರದ ಶೂ, ಕೆಲವರಿಗೆ ತಗ್ಗಿನದು. ಉಳುಕಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕೋದು ಜಾಸ್ತಿ. ಅದಕ್ಕೆ ಮೊದಲು ಫಿಸಿಯೋಥೆರಪಿಸ್ಟ್ ಹೇಳುವ ವ್ಯಾಯಾಮ, ಬೇಕಿದ್ದರೆ ಗಿಣ್ಣಿನ ಪಟ್ಟಿ. ಶೂನಲ್ಲಿ ನೋಡಬೇಕಾದ್ದು ಅಟ್ಟೆ ಅಗಲ ಇದೆಯಾ, ಹಿಮ್ಮಡಿ ಗಟ್ಟಿಯಾಗಿ ಕೂರುತ್ತದಾ ಅನ್ನೋದು.

ಹಿಮ್ಮಡಿ ಜಾರುತ್ತಿದ್ದರೆ ಒಂದು ಉಪಾಯ ಇದೆ. ಎಷ್ಟೋ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ ಒಂದು ತೂತು ಖಾಲಿ ಬಿಟ್ಟಿರುತ್ತಾರೆ. ಲೇಸನ್ನು ಆಚೆ ಪಕ್ಕಕ್ಕೆ ದಾಟಿಸದೆ, ಅದೇ ಪಕ್ಕದ ಆ ತೂತಿಗೆ ಹೊರಗಿನಿಂದ ಒಳಕ್ಕೆ ಹಾಕಿ ಸಣ್ಣ ಉಂಗುರ ಬಿಡಿ. ಎರಡೂ ಕಡೆ ಹೀಗೆ. ಈಗ ಬಲಗಡೆ ಲೇಸನ್ನು ಎಡ ಉಂಗುರದೊಳಗೆ, ಎಡದ್ದನ್ನು ಬಲ ಉಂಗುರದೊಳಗೆ ತೂರಿಸಿ ಕೆಳಕ್ಕೆ ಎಳೆಯಿರಿ. ಹಿಮ್ಮಡಿ ಹಿಂದಕ್ಕೆ ಕಚ್ಚಿಕೊಳ್ಳುತ್ತದೆ.

ಹಿರಿಯ ಆಟಗಾರರೊಬ್ಬರು: ಇಷ್ಟೆಲ್ಲ ಯಾಕ್ರೀ? ನಾವು ಕ್ಯಾನ್ವಾಸ್ ಶೂನಲ್ಲೇ ಜಿಲ್ಲಾ ಮಟ್ಟ ಆಡಿದೆವು.

ಉತ್ತರ: ನಾನೂ ಅದೇ ಹಾಕಿದವನು ಸರ್. ಕಾನ್ವರ್ಸ್ ಆಲ್ ಸ್ಟಾರ್ 1917ರಲ್ಲೇ ಬಂತು, ಬಟ್ಟೆ ಮತ್ತು ರಬ್ಬರ್, ಅಷ್ಟೇ. ಜಗತ್ತೆಲ್ಲ ಅದರಲ್ಲೇ ಆಡಿತು. ಮೊಣಕಾಲು ಈಗ ಹೇಗಿದೆ ಸರ್?

ಹಿರಿಯ ಆಟಗಾರರು: ಮೆಟ್ಟಿಲು ಕಂಡರೆ ಭಯ 😄

ಉತ್ತರ: ಶೂ ಒಂದೇ ಕಾರಣ ಅಂತ ನಾನು ಹೇಳಲಾರೆ. ವಯಸ್ಸೂ ಇದೆಯಲ್ವಾ!

ಸಂಡೂರಿನಿಂದ: ರನ್ನಿಂಗ್ ಶೂನಲ್ಲಿ ಆಡಬಹುದಾ?

ಉತ್ತರ: ವಾರಕ್ಕೊಮ್ಮೆ ಬುಟ್ಟಿಗೆ ಚೆಂಡು ಹಾಕೋಕೆ ಸರಿ. ಪಂದ್ಯಕ್ಕೆ ಬೇಡ. ಅದು ನೇರ ಓಟಕ್ಕೆ ಮಾಡಿದ್ದು, ಪಕ್ಕಕ್ಕೆ ತಿರುಗಿದರೆ ಕಾಲು ಅಟ್ಟೆಯ ಅಂಚು ದಾಟಿ ಹೊರಳುತ್ತದೆ.

ತೋರಣಗಲ್ಲಿನಿಂದ: ಮಾವ ದುಬೈನಿಂದ ತಂದ ಶೂ, ಆರು ವರ್ಷ ಡಬ್ಬಿಯಲ್ಲೇ ಇತ್ತು. ಮೊನ್ನೆ ಹಾಕಿ ಹತ್ತು ನಿಮಿಷ ಆಡಿದೆ, ಅಟ್ಟೆ ಒಣರೊಟ್ಟಿ ಹಾಗೆ ಪುಡಿಪುಡಿ. ನಕಲಿನಾ?

ಉತ್ತರ: ಅಸಲಿಯೇ ಇರಬಹುದು! ಕೆಲವು ಶೂಗಳ ಒಳಗೆ ಪಿಯು, ಅಂದರೆ ಪಾಲಿಯುರಿಥೇನ್ ಫೋಮ್ ಇರುತ್ತದೆ. ಗಾಳಿಯಲ್ಲಿರುವ ತೇವ ಅದನ್ನು ವರ್ಷಗಟ್ಟಲೆ ನಿಧಾನಕ್ಕೆ ತಿನ್ನುತ್ತದೆ. ನಮ್ಮ ಒಣ ಊರಿನಲ್ಲೂ ಅಷ್ಟು ತೇವ ಸಾಕು. ಹಾಕದೆ ಇಟ್ಟರೂ ಶೂ ಮುದಿಯಾಗುತ್ತದೆ. ಇದಕ್ಕೆ ನನ್ನಲ್ಲಿ ರಿಪೇರಿ ಇಲ್ಲ. ಅಡೀಡಾಸ್‌ನವರ ಬೂಸ್ಟ್ ಫೋಮ್ ಬೇರೆ ಥರ, 2013ರಲ್ಲಿ ಬಂದಿದ್ದು. ಸೀಳಿ ನೋಡಿದರೆ ಮಂಡಕ್ಕಿ ಒತ್ತಿ ಅಂಟಿಸಿದ ಹಾಗೆ ಕಾಣುತ್ತದೆ. ಅದು ಹೀಗೆ ಪುಡಿಯಾಗಿ ನನ್ನ ಕೈಗೆ ಇನ್ನೂ ಬಂದಿಲ್ಲ.

ಮೊದಲು ಕೇಳಿದ ತಂದೆ: ಹಾಗಾದರೆ ಹೊಸದು ತೊಗೊಳ್ತೀನಿ. ಹುಡುಗ ಬೆಳೀತಾ ಇದ್ದಾನೆ, ಎರಡು ನಂಬರ್ ದೊಡ್ಡದು ತೊಗೊಂಡರೆ ಎರಡು ವರ್ಷ ಬರುತ್ತಲ್ವಾ?

ಉತ್ತರ: ಬರಲ್ಲ. ಆರೇಳು ತಿಂಗಳಿಗೆ ಫೋಮ್ ಹೋಗುತ್ತದೆ ಅಂತ ಈಗ ತಾನೇ ಹೇಳಿದೆನಲ್ಲ ಸರ್. ದೊಡ್ಡ ಶೂನಲ್ಲಿ ಓಡುತ್ತಾ ಥಟ್ಟನೆ ನಿಂತರೆ ಕಾಲು ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ, ಬೊಕ್ಕೆ ಬರುತ್ತದೆ. ಉದ್ದನೆ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಸಾಕು. ಸಂಜೆ ಹೋಗಿ ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಆಡುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ನೋಡಲಿ. ಅಂಗಡಿಯಲ್ಲೇ ನಾಲ್ಕು ಸಲ ಹಾರಲಿ, ಯಾರು ನಕ್ಕರೂ ಪರವಾಗಿಲ್ಲ.

ಹಳೇ ಶೂ ಎಸೆಯಬೇಡಿ, ನಡೆಯೋಕೆ ಬರುತ್ತದೆ. ಸೋಮವಾರ ಅಂಗಡಿ ರಜೆ. ಮಂಗಳವಾರ ತನ್ನಿ, ಹಿಂದೆ ವಾಲಿದೆಯಾ ಅಂತ ನೋಡಿ ಹೇಳ್ತೀನಿ. ಕಾಸೇನೂ ಬೇಡ.